ಹೆಣ್ಣೊಪ್ಪಿಸುವ ಟ್ಯೂನಿಗೆ ಒನ್ಸ್ ಮೋರ್

ಅಳುವುದಕ್ಕೂ ಯೋಗ ಬೇಕು ಎನ್ನುವುದು ನನ್ನ ಖಚಿತ ಅಭಿಪ್ರಾಯ. ಕೆಲವರಿಗೆ ಅದು ಹುಟ್ಟುವಾಗಲೇ ಬಂದಿರುತ್ತದೆ. ನನ್ನ ಹೆಂಡತಿ ಸುಶೀಲಳನ್ನೇ ತೆಗೆದುಕೊಳ್ಳಿ. ಧಾರಾವಾಹಿಯಲ್ಲಿ ಯಾವಳೋ ಗುರುತಿಲ್ಲದ ಹೆಂಗಸಿಗೆ ಜ್ವರ ಬಂದರೆ ಸಾಕು, ಇವಳ ಕೈ ಸೆರಗು ಹುಡುಕುತ್ತದೆ. ಜಾಹೀರಾತು ಬರುವಷ್ಟರಲ್ಲಿ ಅತ್ತು, ಮೂಗೊರೆಸಿಕೊಂಡು, ಒಲೆ ಮೇಲಿನ ಸಾರು ತಿರುವಿ ಬಂದು ಮತ್ತೆ ಅಳಲು ತಯಾರಾಗಿ ಕೂತಿರುತ್ತಾಳೆ. ನನಗೆ ಆ ಭಾಗ್ಯವಿಲ್ಲ. ನಮ್ಮಪ್ಪ ತೀರಿಕೊಂಡ ದಿನ ನಾನು ಚಪ್ಪರದ ಗಳಗಳನ್ನು ನೋಡುತ್ತಾ ನಿಂತಿದ್ದೆನಂತೆ. ಬಂದವರೆಲ್ಲ "ಪಾಪ, ಶಾಕ್ ಆಗದೆ, ಮಾತಾಡಿಸ್ಬೇಡಿ" ಎಂದರು. ಶಾಕೂ ಇರಲಿಲ್ಲ, ಮಣ್ಣೂ ಇರಲಿಲ್ಲ. ದುಃಖವಿತ್ತು, ಬೇಕಾದಷ್ಟಿತ್ತು. ಅದು ಹೊರಗೆ ಬರುವ ದಾರಿ ಮಾತ್ರ ನನ್ನ ಮುಖದಲ್ಲಿ ಯಾರೂ ಇಟ್ಟಿರಲಿಲ್ಲ.

ಇದರಲ್ಲಿ ನಾಚಿಕೆಗೇಡಿನ ಸಂಗತಿ ಏನೆಂದರೆ, ನಾನು ಊರೂರಿಗೆ ಅಳು ಕಲಿಸುವ ಮೇಷ್ಟ್ರು. ಹಗಲು ಹೊತ್ತು ಕಂಪಲಾಪುರದಲ್ಲಿ ಗೊಬ್ಬರ, ಬಿತ್ತನೆ ಬೀಜದ ಅಂಗಡಿ. ಸಂಜೆಯಾದರೆ ಹಾರ್ಮೋನಿಯಂ ಪೆಟ್ಟಿಗೆಯನ್ನು ಸ್ಕೂಟರಿನ ಮುಂದಿಟ್ಟುಕೊಂಡು ಪಿರಿಯಾಪಟ್ಟಣದ ಕಡೆ, ಕೋಟೆ ಕಡೆ ಹಳ್ಳಿಗಳಿಗೆ ಹೋಗಿ ಪೌರಾಣಿಕ ನಾಟಕ ಕಲಿಸುತ್ತೇನೆ. ಗದೆ ಹಿಡಿಯುವವರಿಗೆ ಗದೆ ಹಿಡಿಯುವುದನ್ನು, ಮಗನನ್ನು ಕಳೆದುಕೊಂಡ ರಾಜನಿಗೆ ಗೋಳಾಡುವುದನ್ನು ಹೇಳಿಕೊಡುವವನು ನಾನೇ. "ಮೊದಲ್ನೇ ಸಾಲಿಗೆ ಎದೆ ಮೇಲೆ ಕೈ ಇಡಪ್ಪ. ಎರಡ್ನೇ ಸಾಲಿಗೆ ಗಂಟ್ಲು ಕಟ್ಟಿಸ್ಕೋ. ಮೂರಕ್ಕೆ ಮಂಡಿಯೂರು" ಎಂದು ಹಾರ್ಮೋನಿಯಂ ಹಿಂದೆ ಕೂತು ಗದರಿಸುತ್ತೇನೆ. ಹಗಲೆಲ್ಲ ಒಣಗಿಸುವ ಗೂಡಿನಲ್ಲಿ ಹೊಗೆಸೊಪ್ಪು ಬೇಯಿಸಿ ಬಂದ ದಾಂಡಿಗರು ನನ್ನ ಮಾತು ಕೇಳಿ ಮಕ್ಕಳ ಹಾಗೆ ಅಳುತ್ತಾರೆ. ಮುಂದೆ ಕೂತ ಹೆಂಗಸರೂ ಅಳುತ್ತಾರೆ. ನಾನೊಬ್ಬ ಮಾತ್ರ ಬತ್ತಿದ ಕೊಳವೆಬಾವಿಯ ಹಾಗೆ ಕೂತು ಬಾಯಲ್ಲಿ ಎಲೆಅಡಿಕೆ ಮೆಲ್ಲುತ್ತಿರುತ್ತೇನೆ.

ನಮಗೆ ಒಬ್ಬಳೇ ಮಗಳು, ಚೈತ್ರ. ಹೋದ ವರ್ಷ ಅವಳಿಗೆ ಭೇರ್ಯದ ಕಡೆ ನಾಲೆಬಯಲಿನ ಒಂದು ಮನೆಗೆ ಸಂಬಂಧ ಗೊತ್ತಾಯಿತು. ಹುಡುಗ ಒಳ್ಳೆಯವನು, ಟ್ರ್ಯಾಕ್ಟರ್ ರಿಪೇರಿಯ ಶೆಡ್ಡು ಇಟ್ಟುಕೊಂಡಿದ್ದಾನೆ, ಮಾತು ಕಮ್ಮಿ. ಒಪ್ಪಿಗೆ ಶಾಸ್ತ್ರ ಮುಗಿದು ನೆಂಟರೆಲ್ಲ ಹೋದ ಮೇಲೆ ಮಗಳು ಹಜಾರದಲ್ಲಿ ಜಮಖಾನ ಮಡಿಸುತ್ತಿದ್ದಳು. ಒಂದು ತುದಿ ನಾನು ಹಿಡಿದಿದ್ದೆ. ಇದ್ದಕ್ಕಿದ್ದಂತೆ ಕೇಳಿದಳು: "ಅಪ್ಪ, ನಾನು ಹೋಯ್ತೀನಿ ಅಂತ ನಿಂಗೆ ಒಂಚೂರೂ ಬೇಜಾರಿಲ್ವಾ?"

ಆ ಕ್ಷಣದಲ್ಲಿ ಯಾವ ತಂದೆಯಾದರೂ ಏನಾದರೂ ಒಂದು ಮಾತಾಡುತ್ತಿದ್ದ. ಕಡೇ ಪಕ್ಷ ಕೆಮ್ಮುತ್ತಿದ್ದ. ನಾನು ಹೇಳಿದ್ದು ಇಷ್ಟು: "ಭೇರ್ಯ ಏನ್ ಮಹಾ ದೂರ ಮಗ? ಹುಣಸೂರಲ್ಲಿ ಇಳ್ದು ಕೆ.ಆರ್. ನಗರದ ಬಸ್ ಹತ್ತುದ್ರೆ ಆಯ್ತು." ಮಗಳು ಜಮಖಾನವನ್ನು ನನ್ನ ಕೈಯಿಂದ ತೆಗೆದುಕೊಂಡು ಒಳಗೆ ಹೋದಳು. ಅಡುಗೆಮನೆಯಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದ ಸುಶೀಲ ಹೊರಗೆ ಬಂದು, ನನ್ನನ್ನು ಮೇಲಿಂದ ಕೆಳಗೆ ನೋಡಿ, "ಬಸ್ ಸ್ಟಾಂಡಲ್ಲಿ ಕೂಗೋಕೆ ಸೇರ್ಕಳಿ ಓಗಿ" ಎಂದಳು. ಮೂರು ದಿನ ಅನ್ನದ ಜೊತೆಗೆ ಆ ಮಾತನ್ನೂ ಬಡಿಸಿದಳು.

ನನಗೂ ನಿದ್ದೆ ಬರಲಿಲ್ಲ. ಹೋಗಿ ಮಗಳಿಗೆ ಹೇಳಿಬಿಡೋಣ ಎಂದರೆ ಏನು ಹೇಳುವುದು? ನಾಟಕದ ಮಾತುಗಳು ಬೇಕಾದಷ್ಟು ಬಾಯಿಗೆ ಬರುತ್ತಿದ್ದವು. "ಹಾ ಕಂದಾ" ಎಂದು ಶುರು ಮಾಡಿದರೆ ಅವಳು ನಗುತ್ತಾಳೆ. ನನ್ನ ಸ್ವಂತ ಮಾತು ಒಂದೂ ಬರುತ್ತಿರಲಿಲ್ಲ. ಕೊನೆಗೆ ಒಂದು ಉಪಾಯ ಹೊಳೆಯಿತು. ನಮ್ಮಲ್ಲಿ ಧಾರೆಯಾದ ಮೇಲೆ ಹೆಣ್ಣೊಪ್ಪಿಸುವ ಶಾಸ್ತ್ರವಿದೆ. ತಟ್ಟೆಯಲ್ಲಿ ಹಾಲಿಟ್ಟು, ಮಗಳ ಕೈಯನ್ನು ಆ ಹಾಲಲ್ಲಿ ಅದ್ದಿ, ತಂದೆ ತಾಯಿ ಅದನ್ನು ಬೀಗರ ಕೈಗೆ ಕೊಟ್ಟು, "ನಮ್ಮ ಮಗೀನ ನಿಮ್ಮ ಮಡಿಲಿಗೆ ಹಾಕಿವಿ" ಎನ್ನಬೇಕು. ಎಂಥ ಕಲ್ಲೆದೆಯವನೂ ಅಲ್ಲಿ ಕರಗುತ್ತಾನೆ ಎಂದು ಹೆಸರು. ನಾನು ಕರಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಆದ್ದರಿಂದ ಆ ಹೊತ್ತಿಗೆ ನಾನೇ ಕಟ್ಟಿದ ಒಂದು ಟ್ಯೂನು ಹಾಕಿಸುವುದು. ಮಾತಿಲ್ಲ, ಬರೀ ವಾದ್ಯ. ನನ್ನ ಅಳುವನ್ನೆಲ್ಲ ಅದು ಅಳಲಿ. ಮಗಳಿಗೆ ಉತ್ತರ ಸಿಗಲಿ. ಹಾರ್ಮೋನಿಯಂ ನುಡಿಸುವಂತಿರಲಿಲ್ಲ. ಒಂದು ಕೈಯಲ್ಲಿ ಹಾಲಿನ ತಟ್ಟೆ, ಇನ್ನೊಂದರಲ್ಲಿ ಪೆಟ್ಟಿಗೆ ಹಿಡಿಯಲು ನಾನೇನು ದೇವರೇ? ಅಲ್ಲದೆ ನಮ್ಮ ನೆಂಟರಿಗೆ ಹಾರ್ಮೋನಿಯಂ ಸದ್ದು ಕೇಳಿದರೆ ಮಂಟಪವೆಲ್ಲ ನಾಟಕದ ಚಪ್ಪರವಾಗಿ ಕಾಣುತ್ತದೆ. ಹಾಗಾಗಿ ಕಂಪ್ಯೂಟರಿನಲ್ಲೇ ಮಾಡುವುದೆಂದು ತೀರ್ಮಾನಿಸಿದೆ.

ಕಂಪ್ಯೂಟರು ಚೈತ್ರ ಕಾಲೇಜು ಓದುವಾಗ ಕೊಂಡದ್ದು. ಅದರಲ್ಲಿ ಹಾಡು ಕಟ್ಟುವ ಪುಕ್ಕಟೆ ಸಾಫ್ಟ್‌ವೇರನ್ನು ಅವಳ ಕೈಯಲ್ಲೇ ಹಾಕಿಸಿದೆ. ಯಾಕಪ್ಪ ಎಂದು ಕೇಳಿದಳು. ನಾಟಕಕ್ಕೆ ಎಂದೆ. ಪಾಪ, ನಂಬಿ ಪಕ್ಕದಲ್ಲಿ ಕೂತು ಎಲ್ಲ ಹೇಳಿಕೊಟ್ಟಳು. ಕೀಬೋರ್ಡಿನ ಅಕ್ಷರ ಒತ್ತಿದರೆ ಸ್ವರ ಬರುತ್ತದೆ; ಬಂದ ಸ್ವರಗಳು ಪರದೆ ಮೇಲೆ ಬಣ್ಣಬಣ್ಣದ ಇಟ್ಟಿಗೆಗಳಾಗಿ ಕೂರುತ್ತವೆ; ಇಟ್ಟಿಗೆಯನ್ನು ಮೌಸ್ ಎನ್ನುವ ಇಲಿಯಿಂದ ಹಿಡಿದು ಎಲ್ಲಿಗೆ ಬೇಕಾದರೂ ಎಳೆಯಬಹುದು. ಕೊಳಲು, ಪಿಟೀಲು, ಗಂಟೆ, ಯಾವ ದೇಶದ್ದೋ ತಮಟೆ, ಎಲ್ಲ ಅದರೊಳಗೇ ಇವೆ. ಪಿಟೀಲು ಆರಿಸಿಕೊಟ್ಟವಳೂ ಅವಳೇ. ನಾನು ಕಟ್ಟಿದ ಮೊದಲ ನಾಲ್ಕು ಸ್ವರ ಕೇಳಿ, "ಚೆನ್ನಾಗದೆ ಕಣಪ್ಪ. ಯಾರು ಸಾಯೋದು ಈ ಸೀನಲ್ಲಿ?" ಎಂದಳು. ಇನ್ನೂ ಗೊತ್ತಾಗಿಲ್ಲ ಎಂದೆ.

ಮುಂದಿನದ್ದನ್ನು ಹೇಳಿಕೊಳ್ಳಲೂ ಸಂಕಟವಾಗುತ್ತದೆ. ಹಾರ್ಮೋನಿಯಂ ನುಡಿಸುವವನ ಎಡಗೈ ಪೆಟ್ಟಿಗೆಯ ಹಿಂದಿನ ಗಾಳಿ ತಿದಿಯನ್ನು ಒತ್ತುತ್ತಲೇ ಇರಬೇಕು. ಅದು ಈಗ ನನ್ನ ಮಾತು ಕೇಳುವ ಕೈಯಲ್ಲ, ತನ್ನ ಪಾಡಿಗೆ ತಾನು ಆಡುತ್ತದೆ. ಕಂಪ್ಯೂಟರಿನ ಮುಂದೆ ಕೂತು ಬಲಗೈಯಲ್ಲಿ ಸ್ವರ ಒತ್ತಿದ ಕೂಡಲೇ ಎಡಗೈ ಪರದೆಯ ಬೆನ್ನಿಗೆ ಹೋಗಿ ಗಾಳಿ ಒತ್ತಲು ಶುರು ಮಾಡುತ್ತಿತ್ತು. ಒತ್ತದಿದ್ದರೆ ಬಲಗೈ ನಡೆಯುತ್ತಿರಲಿಲ್ಲ. ಕಾಫಿ ತಂದ ಸುಶೀಲ ಬಾಗಿಲಲ್ಲೇ ನಿಂತು ನೋಡಿ, "ಯಾಕ್ರೀ, ಅದಕ್ಕೂ ಸೆಕೆ ಆಯ್ತದಾ? ಗಾಳಿ ಬೀಸ್ತಾ ಇದೀರಲ್ಲ" ಎಂದಳು. ನಾನು ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತೆ. ಟ್ಯೂನು ಕುಂಟಿತು. ಕೊನೆಗೆ ಪರದೆಯ ಹಿಂದೆ ಒಂದು ದಿಂಬು ಇಟ್ಟುಕೊಂಡು ಅದನ್ನೇ ಒತ್ತುತ್ತಾ ನುಡಿಸಿದೆ.

ಕರೆಂಟಿನ ಕಾಟ ಬೇರೆ. ಒಂದು ಮಧ್ಯಾಹ್ನ ಅಂಗಡಿಗೆ ಬಾಗಿಲು ಹಾಕಿ ಬಂದು, ಊಟ ಬಿಟ್ಟು, ಎದೆಯಲ್ಲಿ ಏನೋ ಮಿಸುಕಿದಂತಾಗಿ, ಇದೇ ಇದೇ ಎನ್ನಿಸುವಂಥ ಒಂದು ಸಾಲು ಕಟ್ಟಿದೆ. ಚೈತ್ರ ಮೂರು ವರ್ಷದವಳಿದ್ದಾಗ ಹಾರ್ಮೋನಿಯಂ ಪೆಟ್ಟಿಗೆಯ ಮೇಲೆ ಕೂತು ನಿದ್ದೆ ಹೋಗಿದ್ದಳು. ಅವಳನ್ನು ಎಬ್ಬಿಸಬಾರದೆಂದು ಅವತ್ತು ತಾಲೀಮಿಗೇ ಹೋಗಿರಲಿಲ್ಲ. ಆ ದಿನ ಹೇಗಿತ್ತೋ ಹಾಗೇ ಬಂದಿತ್ತು ಆ ಸಾಲು. ಕೇಳೋಣ ಎಂದು ಗುಂಡಿ ಒತ್ತುವುದಕ್ಕೂ ಕರೆಂಟು ಹೋಗುವುದಕ್ಕೂ ಸರಿಹೋಯಿತು. ಮತ್ತೆ ಬಂದಾಗ ಪರದೆ ಮೇಲೆ ಒಂದು ಇಟ್ಟಿಗೆಯೂ ಇರಲಿಲ್ಲ. "ಸೇವ್ ಮಾಡಿದ್ಯಾ ಅಪ್ಪ?" ಎಂದಳು ಮಗಳು. ಹಾರ್ಮೋನಿಯಂ ನುಡಿಸುವಾಗ ಯಾವನಾದರೂ ಮಧ್ಯೆ ನಿಲ್ಲಿಸಿ ಸೇವ್ ಮಾಡುತ್ತಾನೆಯೇ? ಆ ಸಾಲು ಮತ್ತೆ ಬರಲೇ ಇಲ್ಲ. ಅದರ ತಂಗಿಯಂಥ ಇನ್ನೊಂದು ಬಂತು. ಅದನ್ನೇ ಇಟ್ಟುಕೊಂಡು ತೃಪ್ತಿಪಟ್ಟೆ.

ಇಷ್ಟಾದರೂ ದೊಡ್ಡ ಗ್ರಹಚಾರ ಇನ್ನೂ ಬಾಕಿ ಇತ್ತು. ನಮ್ಮ ನಾಟಕದ ಹಾಡುಗಳಿಗೆ ಒಂದು ಕಟ್ಟುಪಾಡಿದೆ. ಎಂಥ ಗೋಳಿನ ಹಾಡೇ ಆಗಲಿ, ಕೊನೆಯ ಸಾಲಿಗೆ ತಬಲ ದುಪ್ಪಟ್ಟು ವೇಗಕ್ಕೆ ಏರಬೇಕು, ಹಾರ್ಮೋನಿಯಂ ಅದರ ಹಿಂದೆ ಓಡಬೇಕು, ಪಾತ್ರದವನು ರಪ್ಪನೆ ತಿರುಗಿ ಪರದೆಯೊಳಕ್ಕೆ ನುಗ್ಗಬೇಕು. ಇದನ್ನು ನಾವು ಓಟ ಎನ್ನುತ್ತೇವೆ. ಓಟವಿಲ್ಲದೆ ಚಪ್ಪಾಳೆಯಿಲ್ಲ, ಚಪ್ಪಾಳೆಯಿಲ್ಲದೆ ಒನ್ಸ್ ಮೋರ್ ಇಲ್ಲ. ನನ್ನ ಬೆರಳಿಗೆ ಈ ಓಟ ಎಷ್ಟು ಅಂಟಿಕೊಂಡಿದೆ ಎಂದರೆ, ಟ್ಯೂನು ನಿಧಾನವಾಗಿ ಬಿಕ್ಕಿ ಬಿಕ್ಕಿ ಕೊನೆಗೆ ಬಂತು ಎನ್ನುವಾಗ ಬೆರಳುಗಳು ನನ್ನನ್ನು ಕೇಳದೆ ಓಡಿಬಿಡುತ್ತಿದ್ದವು. ಮಗಳನ್ನು ಕಳಿಸಿಕೊಡುವ ಟ್ಯೂನು ಯುದ್ಧಕ್ಕೆ ಹೊರಟ ಟ್ಯೂನಾಗಿ ಮುಗಿಯುತ್ತಿತ್ತು. ಸುಶೀಲಳಿಗೆ ಗುಟ್ಟು ಹೇಳಿ ಒಮ್ಮೆ ಕೇಳಿಸಿದೆ. ಅರ್ಧದವರೆಗೆ ಸೆರಗು ಮೂಗಿಗೆ ಹೋಗಿತ್ತು. ಓಟ ಬಂದ ತಕ್ಷಣ ಸೆರಗು ಕೆಳಗಿಳಿಯಿತು. "ಯಾರೋ ಗದೆ ತಕ್ಕೊಂಡು ಬತ್ತಾವ್ರೆ ಅನ್ನಿಸ್ತದೆ ಕಣ್ರೀ. ಮಗೀನ ಕಳಿಸ್ತಿದ್ದೀವೋ, ಬೀಗರ ಮೇಲೆ ದಂಡೆತ್ತಿ ಓಯ್ತಿದ್ದೀವೋ?"

ಆಮೇಲೆ ಓಟದ ಇಟ್ಟಿಗೆಗಳನ್ನು ಒಂದೊಂದಾಗಿ ಇಲಿಯಿಂದ ಹಿಡಿದು ಅಳಿಸಿದೆ. ನನ್ನ ಕೈ ನಾನೇ ಕತ್ತರಿಸಿಕೊಂಡ ಹಾಗಾಯಿತು. ಟ್ಯೂನು ಈಗ ಒಂದು ಉದ್ದನೆಯ ಪಿಟೀಲು ಸ್ವರದಲ್ಲಿ ಸುಮ್ಮನೆ ಆರಿಹೋಗುತ್ತಿತ್ತು. ಇದನ್ನು ಫೋನಿಗೆ ಹಾಕಿಕೊಂಡು ನನ್ನ ತಬಲದ ಜೋಡಿ ಮರಿಸ್ವಾಮಿಗೆ ಕೇಳಿಸಿದೆ. ಹಾರ್ಮೋನಿಯಂ ಹಿಡಿದ ದಿನದಿಂದ ನನ್ನ ಬಲಕ್ಕೆ ಕೂತವನು. ಹೋಟೆಲ್ ಮುಂದಿನ ಬೆಂಚಿನಲ್ಲಿ ಫೋನು ಕಿವಿಗಿಟ್ಟುಕೊಂಡು ಕಣ್ಣು ಮುಚ್ಚಿ ಕೇಳಿದ. ಮುಗಿದ ಮೇಲೂ ಫೋನು ತೆಗೆಯಲಿಲ್ಲ.

"ಮುಗೀತು ಕಣಯ್ಯ" ಎಂದೆ.

"ಎಲ್ಲಿ ಮುಗೀತು ಮೇಷ್ಟ್ರೇ? ಓಟ ಎಲ್ಲಿ?"

"ಇದಕ್ಕೆ ಓಟ ಇಲ್ಲ."

"ಓಟ ಇಲ್ದೆ ಎಂಗೆ? ಅರ್ಧಕ್ಕೇ ಬುಟ್ಬುಟ್ರೆ ಪಾತ್ರದೋನು ಒಳಕ್ಕೆ ಎಂಗೋಗ್ತಾನೆ?"

"ಇಲ್ಲಿ ಯಾರೂ ಒಳಕ್ಕೆ ಹೋಗಲ್ಲ ಮರಿಸ್ವಾಮಿ. ನನ್ನ ಮಗಳು ಹೊರಕ್ಕೆ ಹೋಗ್ತಾಳೆ."

ಅವನು ಟೀ ಕುಡಿದು, ಲೋಟ ಇಟ್ಟು, ಎದ್ದು ಹೋಗುವಾಗ ತಿರುಗಿ, "ಆದ್ರೂ ಅಂಗೆ ಬುಡಬಾರ್ದು ಮೇಷ್ಟ್ರೇ" ಎಂದ. ಅಂದೇ ನಾನು ಎಚ್ಚರವಾಗಬೇಕಿತ್ತು.

ಮದುವೆ ಪಿರಿಯಾಪಟ್ಟಣದ ಮಂಟಪದಲ್ಲಿ. ಧಾರೆ ಚೆನ್ನಾಗಿ ನಡೆಯಿತು. ಮೈಕ್ ಸೆಟ್ಟಿನವನು ಹುಣಸೂರಿನವನು, ನಮ್ಮ ನಾಟಕಗಳಿಗೆಲ್ಲ ಅವನೇ ಮೈಕು. ಅವನ ಕೈಗೆ ಟ್ಯೂನು ಕೊಟ್ಟು, ನಾನು ತಲೆಯಾಡಿಸಿದಾಗ ಹಾಕು ಎಂದಿದ್ದೆ. ವಾಲಗದವರಿಗೆ ಆ ಹೊತ್ತಿಗೆ ಸುಮ್ಮನಿರಿ ಎಂದು ಕೈಮುಗಿದಿದ್ದೆ. ಹಾಲಿನ ತಟ್ಟೆ ಬಂತು. ಚೈತ್ರಳ ಕೈಯನ್ನು ಹಾಲಲ್ಲಿ ಅದ್ದಿ ನಾನು ಕೆಳಗಿನಿಂದ ಹಿಡಿದೆ. ಆ ಕಡೆಯಿಂದ ಬೀಗಿತ್ತಿ ಕೈಚಾಚಿದರು. ಮಗಳು ನನ್ನ ಮುಖವನ್ನೇ ನೋಡುತ್ತಿದ್ದಳು. ಅಂದು ಜಮಖಾನ ಮಡಿಸುವಾಗ ನೋಡಿದ ಹಾಗೇ ನೋಡುತ್ತಿದ್ದಳು. ನಾನು ತಲೆಯಾಡಿಸಿದೆ.

ಟ್ಯೂನು ಬಂತು. ನನ್ನ ಟ್ಯೂನೇನಾ ಇದು ಎನ್ನಿಸಿತು. ಮನೆಯ ಪುಟ್ಟ ಸ್ಪೀಕರಿನಲ್ಲಿ ಸೊಳ್ಳೆಯ ಹಾಗೆ ಕೇಳುತ್ತಿದ್ದ ಪಿಟೀಲು ಮಂಟಪದ ತುಂಬ ಹರಡಿ ಎಲ್ಲರನ್ನೂ ಸುಮ್ಮನಾಗಿಸಿತು. ಊಟದ ಪಂಕ್ತಿಗೆ ಓಡುತ್ತಿದ್ದವರೂ ನಿಂತರು. ಸುಶೀಲ ಸರಿ, ಅವಳು ಮೊದಲೇ ಶುರು ಮಾಡಿದ್ದಳು. ಬೀಗಿತ್ತಿಯೂ ಕರವಸ್ತ್ರ ತೆಗೆದರು. ಮಗಳ ಕಣ್ಣಲ್ಲಿ ನೀರು ತುಂಬಿತು. "ಅಪ್ಪ, ಇದು..." ಎಂದಳು. ಗೊತ್ತಾಯಿತು ಅವಳಿಗೆ. ಉದ್ದನೆಯ ಕೊನೆಯ ಸ್ವರ ಬಂತು, ತೆಳುವಾಯಿತು, ನಿಂತಿತು. ನನ್ನ ಜನ್ಮದಲ್ಲಿ ಅಂಥ ಮೌನವನ್ನು ನಾನು ಕಟ್ಟಿರಲಿಲ್ಲ.

ಮರಿಸ್ವಾಮಿಗೆ ತಡೆಯಲಾಗಲಿಲ್ಲ. ಅವನು ನಿಂತಿದ್ದದ್ದು ಬಳುವಳಿ ಪಾತ್ರೆಗಳ ಪಕ್ಕದಲ್ಲಿ. ಹೊಸ ಸ್ಟೀಲ್ ಕೊಳಗವನ್ನು ಬೋರಲು ಹಾಕಿ, ಎರಡೂ ಕೈಯಲ್ಲಿ ಬಾರಿಸಿ, ದುಪ್ಪಟ್ಟು ವೇಗದಲ್ಲಿ ಓಡಿಸಿ, ಧಣ್ ಎಂದು ಹಾಡನ್ನು ಮುಗಿಸಿಯೇ ಬಿಟ್ಟ. ಸುಮ್ಮನಿರಿ ಎಂದು ಕೈಮುಗಿದಿದ್ದೆನಲ್ಲ, ಆ ವಾಲಗದ ಡೋಲಿನವನೂ ಕೊನೆಯ ಎರಡು ಏಟು ಸೇರಿಸಿದ. ಮಂಟಪದಲ್ಲಿ ಅರ್ಧ ಜನ ನನ್ನ ಹತ್ತಿರ ನಾಟಕ ಕಲಿತವರು. ಧಣ್ ಎನ್ನುವುದನ್ನು ಕೇಳಿದ ಮೇಲೆ ಅವರ ಬಾಯಿ ಅವರ ಹಿಡಿತದಲ್ಲಿರುತ್ತದೆಯೇ? "ಒನ್ಸ್ ಮೋರ್!" ಎಂದು ಒಬ್ಬ ಕೂಗಿದ. ಆಮೇಲೆ ಇಡೀ ಮಂಟಪ ಕೂಗಿತು, ಸೀಟಿ ಹೊಡೆಯಿತು. ನಮ್ಮ ಕಡೆ ಒನ್ಸ್ ಮೋರ್ ಎಂದರೆ ಯುದ್ಧದಲ್ಲಿ ಸತ್ತು ಬಿದ್ದವನೂ ಎದ್ದು ಹಾಡಬೇಕು. ಮೈಕಿನವನು ನನ್ನನ್ನು ಕೇಳಲೂ ಇಲ್ಲ, ಮತ್ತೆ ಹಾಕಿದ.

ಕೈ ಬಿಡುವಂತಿಲ್ಲ, ಶಾಸ್ತ್ರ ಅರ್ಧದಲ್ಲಿದೆ. ಹಾಲಿನ ತಟ್ಟೆಯ ಮೇಲೆ ಮೂರು ಜನರ ಕೈ ಹಾಗೇ ನಿಂತವು. ಅಳಬೇಕೋ ನಗಬೇಕೋ ತಿಳಿಯದೆ ಬೀಗಿತ್ತಿ ಇನ್ನೊಂದು ಕೈಯಲ್ಲಿ ಕರವಸ್ತ್ರ ಮುದುರಿ ಬಿಚ್ಚಿ ಮಾಡಿದರು. ಈ ಸಲ ಕೊಳಗ ಮೊದಲಿನಿಂದಲೇ ಶುರುವಾಗಿತ್ತು. "ನಮ್ಮ ಮಗೀನ ನಿಮ್ಮ ಮಡಿಲಿಗೆ" ಎಂದು ನಾನು ಹೇಳಿದ್ದು ನನಗೇ ಕೇಳಿಸಲಿಲ್ಲ. ಚೈತ್ರಳಿಗೆ ಮೊದಲು ತುಟಿ ಅದುರಿತು, ಆಮೇಲೆ ಭುಜ, ಆಮೇಲೆ ತಡೆಯಲಾರದೆ ನಕ್ಕಳು. ಬಾಸಿಂಗ ಅಲ್ಲಾಡುವ ಹಾಗೆ ನಕ್ಕಳು. ಮಾತು ಕಮ್ಮಿಯ ಅಳಿಯನೂ ನಕ್ಕ. ನನಗೆ ಭೂಮಿ ಬಾಯಿಬಿಟ್ಟರೆ ಸಾಕು ಎನ್ನಿಸಿತು. ಎಷ್ಟು ಕಷ್ಟಪಟ್ಟು ಒಂದು ಉತ್ತರ ಕಟ್ಟಿದ್ದೆ! ಅದನ್ನು ಕೊಳಗದ ಮೇಲೆ ಬಾರಿಸಿ, ಸೀಟಿ ಹೊಡೆದು, ಹಾಲಲ್ಲಿ ಅದ್ದಿ ಮುಗಿಸಿದ್ದರು. ಇನ್ನು ಈ ಜನ್ಮದಲ್ಲಿ ಅವಳಿಗೆ ಹೇಳಲು ನನಗೆ ಬೇರೆ ಗಳಿಗೆ ಎಲ್ಲಿ ಬರುತ್ತದೆ?

"ನಗ್ತಾ ನಗ್ತಾ ಓಯ್ತಾವ್ಳಲ್ಲ, ಇದೆಂಥ ಎಣ್ಣೊಪ್ಸೋದು?" ಎಂದು ನಮ್ಮ ಕಡೆಯ ಮುದುಕಿಯರು ಗೊಣಗಿದರು. ಮರಿಸ್ವಾಮಿ ಬಂದು ನನ್ನ ಬೆನ್ನು ತಟ್ಟಿ, "ಈಗ ಸರಿಯಾಯ್ತು ನೋಡಿ ಮೇಷ್ಟ್ರೇ" ಎಂದ. ಅವನನ್ನು ಕೊಲ್ಲಬೇಕಿತ್ತು. ಊಟಕ್ಕೆ ಕರೆದುಕೊಂಡು ಹೋಗಿ ಎಲೆ ಹಾಕಿಸಿದೆ.

ಸಂಜೆ ಭೇರ್ಯಕ್ಕೆ ಹೊರಡುವ ಕಾರಿನಲ್ಲಿ ಮಗಳು ಕೂತಳು. ನಾನು ದೂರದಲ್ಲಿ, ಚಪ್ಪಲಿ ಹುಡುಕುವವನ ಹಾಗೆ ನಿಂತಿದ್ದೆ. ಕಾರಿನ ಗಾಜು ಇಳಿಸಿ ಕರೆದಳು. ಹತ್ತಿರ ಹೋದೆ.

"ನಾಟಕಕ್ಕೆ ಅಂತ ಸುಳ್ ಹೇಳ್ದಲ್ಲ ಅಪ್ಪ."

"ಹೂಂ."

"ಎರಡ್ನೇ ಸಲ ಹಾಕ್ದಾಗ ನೀನು ನನ್ ಕೈಗೆ ಕೆಳಗಿಂದ ತಾಳ ಹಾಕ್ತಿದ್ದೆ, ಗೊತ್ತಾ?"

ನನಗೆ ಗೊತ್ತಿರಲಿಲ್ಲ. "ಟ್ಯೂನ್ ಬಂದ್ರೆ ಕೈ ಸುಮ್ನಿರಲ್ಲ ಮಗ" ಎಂದೆ.

"ತಪ್ಪೋಯ್ತು ಕಣಪ್ಪ."

"ಏನು?"

"ತಾಳ. ನಡುವೆ ತಪ್ಪೋಯ್ತು. ಆಮೇಲೆ ಹಾಕ್ಲೇ ಇಲ್ಲ ನೀನು. ಬರೀ ಗಟ್ಯಾಗಿ ಹಿಡ್ಕೊಂಡಿದ್ದೆ." ಇಷ್ಟು ಹೇಳುವಷ್ಟರಲ್ಲಿ ಅವಳ ನಗು ಎಲ್ಲೋ ಹೋಗಿತ್ತು. "ನಿಂಗೂ ಬೇಜಾರಾಗದೆ. ನಂಗೊತ್ತಾಯ್ತು ಬುಡು" ಎಂದು ಜೋರಾಗಿ ಅಳತೊಡಗಿದಳು. ಯಾರೋ "ಒತ್ತಾಯ್ತದೆ, ಒರಡಿ" ಎಂದರು. ಕಾರು ಹೊರಟಿತು.

ನಾನು ಕಾರಿನ ಹಿಂದೆ ಓಡಿದೆ. ಪಂಚೆ ಎತ್ತಿ ಕಟ್ಟದೆ, ಚಪ್ಪಲಿಯಿಲ್ಲದೆ, ಗೇಟಿನವರೆಗೂ ಓಡಿದೆ. ಇಂದಿಗೂ ನಮ್ಮ ಕಡೆ ಮದುವೆ ಮಾತು ಬಂದರೆ ಅದನ್ನೇ ಹೇಳುತ್ತಾರೆ: "ಆ ಕಲ್ಲಿನಂಥ ಮೇಷ್ಟ್ರು ಕೂಡ ಮಗಳು ಓಯ್ತಾವ್ಳೆ ಅಂತ ಗೋಳಾಡ್ಕಂಡು ಕಾರಿಂದೆ ಓಡುದ್ರು ಕಣ್ರೀ." ನಾನು ತಲೆ ತಗ್ಗಿಸಿ ಹೌದು ಎನ್ನುತ್ತೇನೆ. ನಾನು ಓಡಿದ್ದು ತಾಳ ತಪ್ಪಿರಲಿಲ್ಲ ಎಂದು ಅವಳ ಹತ್ತಿರ ವಾದ ಮಾಡುವುದಕ್ಕೆ. ಆದರೆ ಅದನ್ನು ಬಾಯಿಬಿಟ್ಟು ಹೇಳಿದರೆ, ತಾಳ ಯಾಕೆ ತಪ್ಪಿತು, ಎಲ್ಲಿ ತಪ್ಪಿತು ಎಂದು ಮರಿಸ್ವಾಮಿ ಕೇಳುತ್ತಾನೆ. ಅದಕ್ಕಿಂತ ಅಳುತ್ತಾ ಓಡಿದೆ ಎಂದು ಒಪ್ಪಿಕೊಳ್ಳುವುದೇ ಮರ್ಯಾದೆ.